ಹತ್ತು ಸೆಕೆಂಡಿನ ಹಾರಾಟ: ಎಸೆಂಡನ್ ವಿಮಾನ ದುರಂತದಲ್ಲಿ ತಪ್ಪಿದ್ದು ಎಲ್ಲಿ?

ಮೆಲ್ಬರ್ನ್‌ನಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಬೆಂಗಳೂರಿನಿಂದ ಹೋದವರು ಟುಲ್ಲಮರೀನ್ ವಿಮಾನ ನಿಲ್ದಾಣದಲ್ಲಿ ಇಳಿದು ಕಾರಿನಲ್ಲಿ ನಗರದತ್ತ ಹೊರಟರೆ, ಸ್ವಲ್ಪ ಹೊತ್ತಿನಲ್ಲೇ ಹೆದ್ದಾರಿಯ ಪಕ್ಕದಲ್ಲಿ ಇನ್ನೊಂದು ವಿಮಾನ ನಿಲ್ದಾಣ ಎದುರಾಗುತ್ತದೆ. ಅದರ ಅಂಚಿಗೇ ಅಂಟಿಕೊಂಡಂತೆ ಅಗಲವಾದ ತಗ್ಗು ಛಾವಣಿಗಳ ದೊಡ್ಡ ಮಾರಾಟ ಮಳಿಗೆಗಳು ಹಬ್ಬಿವೆ. ನಗರದ ಮಧ್ಯಭಾಗದಿಂದ 11 ಕಿಲೋಮೀಟರ್ ಆಸುಪಾಸಿನಲ್ಲಿರುವ ಈ ನಿಲ್ದಾಣದ ಹೆಸರು ಎಸೆಂಡನ್. 2017ರ ಫೆಬ್ರುವರಿ 21ರ ಮಂಗಳವಾರ ಬೆಳಿಗ್ಗೆ 9 ಗಂಟೆಗೆ ಒಂದೆರಡು ನಿಮಿಷ ಇರುವಾಗ ಇಲ್ಲಿಂದ ಮೇಲೆದ್ದ ಬೀಚ್‌ಕ್ರಾಫ್ಟ್ ಬಿ200 ಕಿಂಗ್ ಏರ್ ಎಂಬ ಲಘು ವಿಮಾನ, ಚಕ್ರಗಳು ನೆಲ ಬಿಟ್ಟ ಹತ್ತು ಸೆಕೆಂಡುಗಳ ಆಸುಪಾಸಿನಲ್ಲೇ ಆ ಮಳಿಗೆಗಳ ಛಾವಣಿಗೆ ಬಡಿದು ಹೊತ್ತಿ ಉರಿಯಿತು. ವಿಮಾನದಲ್ಲಿದ್ದ ಐವರೂ, ಎಂದರೆ ಪೈಲಟ್ ಮತ್ತು ಅಮೆರಿಕದಿಂದ ಗಾಲ್ಫ್ ಆಡಲು ಬಂದಿದ್ದ ನಾಲ್ವರು ಪ್ರವಾಸಿಗಳು ಸಾವಿಗೀಡಾದರು. ನೆಲದ ಮೇಲಿದ್ದ ಇಬ್ಬರಿಗೆ ಸಣ್ಣಪುಟ್ಟ ಗಾಯಗಳಾದವು. ಮಳಿಗೆಗಳ ಬಾಗಿಲು ತೆರೆಯಲು ಇನ್ನೂ ಒಂದು ಗಂಟೆ ಇತ್ತು.

ವಿಕ್ಟೋರಿಯಾ ರಾಜ್ಯ ಸರ್ಕಾರದ ಮುಖ್ಯಸ್ಥರಾಗಿದ್ದ ಡೇನಿಯಲ್ ಆಂಡ್ರೂಸ್ ಇದನ್ನು ರಾಜ್ಯದಲ್ಲಿ ಮೂವತ್ತು ವರ್ಷಗಳಲ್ಲೇ ಅತ್ಯಂತ ಭೀಕರ ನಾಗರಿಕ ವಿಮಾನ ಅಪಘಾತವೆಂದು ಕರೆದರು. ಎಂಜಿನ್ ಸಂಪೂರ್ಣ ವಿಫಲವಾಗಿರಬೇಕು ಎಂಬ ಮಾತು ಪೊಲೀಸರ ಬಾಯಿಂದಲೇ ಮೊದಲ ದಿನ ಹೊರಬಿತ್ತು, ಪತ್ರಿಕೆಗಳು ಅದನ್ನೇ ಹಿಡಿದು ಬರೆದವು. ಆ ಊಹೆ ಅಸಂಬದ್ಧವೇನೂ ಆಗಿರಲಿಲ್ಲ. ಎರಡು ಎಂಜಿನ್‌ಗಳ ವಿಮಾನವೊಂದು ಮೇಲೇಳುತ್ತಿದ್ದಂತೆಯೇ ಎಡಕ್ಕೆ ತಿರುಗುತ್ತ, ಎತ್ತರ ಗಳಿಸಲಾರದೆ ಕುಸಿದರೆ, ಎಡಬದಿಯ ಎಂಜಿನ್ ನಿಂತಿರಬೇಕೆಂದು ವಿಮಾನಯಾನ ಬಲ್ಲವರು ಕೂಡ ಮೊದಲು ಭಾವಿಸುತ್ತಾರೆ. ಆದರೆ ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೊ ಹತ್ತೊಂಬತ್ತು ತಿಂಗಳ ತನಿಖೆಯ ನಂತರ 2018ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಂತಿಮ ವರದಿ ಹೇಳಿದ್ದೇ ಬೇರೆ. ಎರಡೂ ಎಂಜಿನ್‌ಗಳು ಕೊನೆಯವರೆಗೆ ಕೆಲಸ ಮಾಡುತ್ತಿದ್ದವು. ಕಾಕ್‌ಪಿಟ್ಟಿನಲ್ಲಿ ಕೈಯಿಂದ ತಿರುಗಿಸುವ ಒಂದು ಸಣ್ಣ ಗುಂಡಿ ಇರಬೇಕಾದ ಸ್ಥಾನಕ್ಕೆ ತಿರುಗಿರಲಿಲ್ಲ. ಇಷ್ಟು ಸಣ್ಣ ಸಂಗತಿ ಅಷ್ಟು ದೊಡ್ಡ ವಿಮಾನವನ್ನು ಹತ್ತು ಸೆಕೆಂಡಿನಲ್ಲಿ ಹೇಗೆ ಕೆಡವಬಲ್ಲದು ಎಂಬುದನ್ನು ಅರ್ಥಮಾಡಿಕೊಳ್ಳಲು ವಿಮಾನದ ಬಾಲದ ಹತ್ತಿರ ಹೋಗಬೇಕು.

ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತಿರುವ ರೆಕ್ಕೆಯ ಹಿಂಭಾಗದಲ್ಲಿ ಕದದಂತೆ ಎಡಬಲಕ್ಕೆ ವಾಲುವ ಒಂದು ಹಲಗೆ ಇರುತ್ತದೆ. ಅದೇ ರಡ್ಡರ್. ದೋಣಿಯ ಚುಕ್ಕಾಣಿ ನೀರನ್ನು ತಳ್ಳಿ ದೋಣಿಯ ಮೂತಿಯನ್ನು ತಿರುಗಿಸುವಂತೆ ಇದು ಗಾಳಿಯನ್ನು ತಳ್ಳಿ ವಿಮಾನದ ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುತ್ತದೆ. ಪೈಲಟ್ ಇದನ್ನು ಕಾಲಿನ ಪೆಡಲುಗಳಿಂದ ಆಡಿಸುತ್ತಾನೆ. ಹಾರಾಟದಲ್ಲಿ ಪ್ರೊಪೆಲ್ಲರ್‌ಗಳ ಎಳೆತದಿಂದಲೋ, ಒಂದು ಎಂಜಿನ್ನಿನ ಶಕ್ತಿ ಕಡಿಮೆಯಾದಾಗಲೋ ವಿಮಾನ ಸದಾ ಒಂದು ಕಡೆಗೆ ಎಳೆಯುತ್ತಿದ್ದರೆ, ಪ್ರಯಾಣವಿಡೀ ಒಂದೇ ಪೆಡಲನ್ನು ಒತ್ತಿ ಹಿಡಿದಿರುವುದು ಯಾರ ಕಾಲಿಗೂ ಸಾಧ್ಯವಿಲ್ಲ. ಅದಕ್ಕಾಗಿ ರಡ್ಡರಿನ ಹಿಂದಿನ ಅಂಚಿನಲ್ಲಿ ಇನ್ನೂ ಚಿಕ್ಕದಾದ ಒಂದು ಪಟ್ಟಿಯನ್ನು ಕೂರಿಸಿರುತ್ತಾರೆ. ಟ್ರಿಮ್ ಟ್ಯಾಬ್ ಎಂದು ಕರೆಯುವ ಈ ಪಟ್ಟಿಯನ್ನು ಪೈಲಟ್‌ನ ಪಕ್ಕದಲ್ಲಿರುವ ಗುಂಡಿಯಿಂದ ತಿರುಗಿಸಬಹುದು. ಪಟ್ಟಿ ಬಲಕ್ಕೆ ವಾಲಿದರೆ ಅದರ ಮೇಲೆ ಬೀಳುವ ಗಾಳಿಯ ಒತ್ತಡ ಇಡೀ ರಡ್ಡರನ್ನು ಎಡಕ್ಕೆ ದೂಡಿ ಹಿಡಿಯುತ್ತದೆ. ಹೀಗೆ ಅಂಗೈಯಗಲದ ಪಟ್ಟಿ ಕದದಗಲದ ಹಲಗೆಯನ್ನು ಆಳುತ್ತದೆ; ಅದಕ್ಕೆ ಬೇಕಾದ ಬಲವನ್ನೆಲ್ಲ ಎದುರು ಬರುವ ಗಾಳಿಯೇ ಒದಗಿಸುತ್ತದೆ.

ತೊಂದರೆಯ ಬೇರು ಕೂಡ ಇಲ್ಲಿಯೇ ಇದೆ. ಗಾಳಿಯ ಒತ್ತಡ ವೇಗಕ್ಕೆ ಸಮನಾಗಿ ಹೆಚ್ಚದೆ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ವಿಮಾನ ಹ್ಯಾಂಗರಿನಿಂದ ಹೊರಟು 20 ನಾಟ್, ಎಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್ ವೇಗದಲ್ಲಿ ನಿಧಾನವಾಗಿ ರನ್‌ವೇಯತ್ತ ಸಾಗುವಾಗ ಟ್ರಿಮ್ ಪಟ್ಟಿ ಎತ್ತ ತಿರುಗಿದ್ದರೂ ಪೈಲಟ್‌ನ ಪಾದಕ್ಕೆ ಅದರ ಸುಳಿವು ಸಿಗುವುದಿಲ್ಲ. ಅದೇ ವಿಮಾನ 100 ನಾಟ್ ಮುಟ್ಟುವಷ್ಟರಲ್ಲಿ ಅದೇ ಪಟ್ಟಿಯ ಮೇಲಿನ ಒತ್ತಡ ಇಪ್ಪತ್ತೈದು ಪಟ್ಟಾಗಿರುತ್ತದೆ. ಜೊತೆಗೆ ಇನ್ನೊಂದು ಮರೆ ಇದೆ. ನೆಲದ ಮೇಲಿರುವಷ್ಟು ಹೊತ್ತೂ ಚಕ್ರಗಳ ಟೈರುಗಳು ರನ್‌ವೇಯನ್ನು ಕಚ್ಚಿ ಹಿಡಿದು ವಿಮಾನವನ್ನು ನೇರವಾಗಿ ಇಟ್ಟಿರುತ್ತವೆ. ರಡ್ಡರ್ ಎಡಕ್ಕೆ ಎಳೆಯುತ್ತಿದ್ದರೂ ಟೈರುಗಳು ಅದನ್ನು ಬಹುಮಟ್ಟಿಗೆ ತಡೆಯುತ್ತವೆ. ಚಕ್ರ ನೆಲ ಬಿಟ್ಟ ಗಳಿಗೆಯಲ್ಲಿ ಆ ಹಿಡಿತ ಪೂರ್ತಿ ತಪ್ಪಿಹೋಗುತ್ತದೆ. ಗಾಳಿಯ ಒತ್ತಡವಾದರೋ ಆಗಲೇ ಏರುತ್ತಿರುತ್ತದೆ. ತಪ್ಪು ಬೆಳಕಿಗೆ ಬರುವ ಹೊತ್ತೂ ತಪ್ಪನ್ನು ತಿದ್ದಲು ಅತಿ ಕಡಿಮೆ ಅವಕಾಶವಿರುವ ಹೊತ್ತೂ ಒಂದೇ ಆಗಿರುವುದು ಈ ದೋಷದ ಕ್ರೌರ್ಯ.

ತನಿಖಾಧಿಕಾರಿಗಳ ಪ್ರಕಾರ ಆ ಬೆಳಿಗ್ಗೆ ಟೇಕ್ ಆಫ್ ಆರಂಭಿಸುವಾಗ ವಿಮಾನದ ರಡ್ಡರ್ ಟ್ರಿಮ್ ಮೂತಿಯನ್ನು ಎಡಕ್ಕೆ ತಿರುಗಿಸುವ ದಿಕ್ಕಿನಲ್ಲಿ ಕೊನೆಯ ತುದಿಯವರೆಗೆ ಹೋಗಿತ್ತು. ಅದು ಹಾಗಿದ್ದ ಸಾಧ್ಯತೆ ಹೆಚ್ಚು ಎಂಬ ಎಚ್ಚರದ ಮಾತನ್ನೇ ವರದಿ ಬಳಸಿದೆ, ಖಚಿತವೆಂದು ಸಾರಿಲ್ಲ. ಟೇಕ್ ಆಫ್‌ಗೆ ಅದು ನಡುವಿನ ಸ್ಥಾನದಲ್ಲಿ ಇರಬೇಕಿತ್ತು. ವಿಮಾನ ಓಡುವಾಗಲೇ ಸ್ವಲ್ಪ ಎಡಕ್ಕೆ ವಾಲುತ್ತಿದ್ದುದು ಕಂಡುಬಂದಿತ್ತು. ಮಾಮೂಲಿಗಿಂತ ಹೆಚ್ಚು ದೂರ ಓಡಿ, ಆರಂಭದಿಂದ ಸುಮಾರು 1,015 ಮೀಟರ್ ದಾಟಿದ ಮೇಲೆ ಅದು ಮೂತಿ ಎತ್ತಿತು. 17 ಎಂಬ ಸಂಖ್ಯೆಯ ಆ ರನ್‌ವೇಯ ಉದ್ದ 1,504 ಮೀಟರ್. ಎಂದರೆ ಆಗ ಎದುರಿಗೆ ಉಳಿದಿದ್ದ ಟಾರು ಅರ್ಧ ಕಿಲೋಮೀಟರಿಗೂ ಕಡಿಮೆ. ಮೇಲೆದ್ದ ಕೂಡಲೇ ವಿಮಾನ ಎಡಕ್ಕೆ ಸರಿಯುತ್ತ, ನಿಧಾನವಾಗಿ ಏರುತ್ತ ತಿರುಗತೊಡಗಿತು. ಪೈಲಟ್ ನಿಯಂತ್ರಣ ಗೋಪುರಕ್ಕೆ ‘ಮೇಡೇ’ ಎಂಬ ಅಪಾಯದ ಕರೆಯನ್ನು ಒಂದೇ ಉಸಿರಿನಲ್ಲಿ ಏಳು ಬಾರಿ ಕೂಗಿದ. ಏನಾಗಿದೆ ಎಂದು ಹೇಳಲು ಅವನಿಗೆ ಪುರುಸೊತ್ತು ಸಿಗಲಿಲ್ಲ. ನೆಲದಿಂದ ಸುಮಾರು 160 ಅಡಿ, ಎಂದರೆ ಹದಿನೈದು ಮಹಡಿಯ ಕಟ್ಟಡದಷ್ಟು ಎತ್ತರ ಮುಟ್ಟಿದ ವಿಮಾನ ಅಲ್ಲಿಂದ ಕೆಳಗಿಳಿಯಿತು.

ಮೂತಿ ಎಡಕ್ಕೆ ತಿರುಗಿದರೆ ವಿಮಾನ ಎಡಕ್ಕೆ ಹೋಗಬೇಕು, ಕೆಳಗೇಕೆ ಬರಬೇಕು ಎಂಬ ಪ್ರಶ್ನೆ ಸಹಜ. ಹೊಳೆಯಲ್ಲಿ ದೋಣಿ ನೆಟ್ಟಗಿದ್ದಾಗ ನೀರು ಅದರ ಮೂತಿಯನ್ನು ಸೀಳಿಕೊಂಡು ಎರಡೂ ಕಡೆಗೆ ಸರಿದುಹೋಗುತ್ತದೆ. ದೋಣಿ ಅಡ್ಡಲಾದರೆ ಪ್ರವಾಹವೆಲ್ಲ ಅದರ ಪಕ್ಕಕ್ಕೆ ಬಂದು ಬಡಿಯುತ್ತದೆ. ಮೂತಿ ಒಂದು ಕಡೆಗೆ, ಸಾಗುವ ದಾರಿ ಇನ್ನೊಂದು ಕಡೆಗೆ ಆದಾಗ ವಿಮಾನದ ಸ್ಥಿತಿಯೂ ಅದೇ. ಗಾಳಿ ಅದರ ಚೂಪಾದ ಮೂತಿಯ ಬದಲು ಮೈಯ ಪಕ್ಕಕ್ಕೆ ಬಡಿದು ಎಳೆತ ವಿಪರೀತವಾಗುತ್ತದೆ. ತಲಾ 850 ಅಶ್ವಶಕ್ತಿಯ ಎರಡು ಎಂಜಿನ್‌ಗಳು ಮೇಲೇರಲು ಕೊಡಬೇಕಾದ ಶಕ್ತಿ ಈ ಎಳೆತವನ್ನು ಎದುರಿಸುವುದರಲ್ಲೇ ವ್ಯಯವಾಗುತ್ತದೆ. ಟ್ರಿಮ್‌ನ ಸ್ಥಾನದಿಂದ ದಿಕ್ಕಿನ ನಿಯಂತ್ರಣ ತಪ್ಪಿದ್ದಷ್ಟೇ ಅಲ್ಲ, ಹಾರಾಟದ ಕೊನೆಯ ಭಾಗದಲ್ಲಿ ಏರುವ ಸಾಮರ್ಥ್ಯವೂ ಬಹಳ ಕುಗ್ಗಿತು ಎಂದು ವರದಿ ಹೇಳುವುದು ಇದೇ ಕಾರಣಕ್ಕೆ.

ಪೈಲಟ್ ಬಲಪೆಡಲನ್ನು ಜೋರಾಗಿ ಒತ್ತಿದ್ದರೆ ಆಗುತ್ತಿರಲಿಲ್ಲವೇ? ತನಿಖೆಯ ವೇಳೆ ಇದನ್ನು ಸಿಮ್ಯುಲೇಟರಿನಲ್ಲಿ, ಎಂದರೆ ಹಾರಾಟವನ್ನು ನೆಲದ ಮೇಲೇ ಅನುಕರಿಸುವ ಯಂತ್ರದಲ್ಲಿ, ಪರೀಕ್ಷಿಸಿ ನೋಡಲಾಯಿತು. ಟ್ರಿಮ್ ಪೂರ್ತಿ ಎಡಕ್ಕಿಟ್ಟು ಹಾರಿಸಿದ ಅನುಭವಿ ಪೈಲಟ್‌ನ ಅಭಿಪ್ರಾಯದಂತೆ ನೆಲದ ಮೇಲಿನ ಓಟದಲ್ಲಿ ಕಾಲಿನ ಬಲದಿಂದ ಹೇಗೋ ನಿಭಾಯಿಸಬಹುದು, ಆದರೆ ಅದು ಸಾಮಾನ್ಯ ಬಳಕೆಯ ಕಟ್ಟಕಡೆಯ ಅಂಚು. ಮೇಲೆದ್ದ ನಂತರ ವೇಗ ಹೆಚ್ಚಿದಂತೆಲ್ಲ ಪೆಡಲ್ ಭಾರವಾಗುತ್ತ ಹೋಗಿ ಕೊನೆಗೆ ಕಾಲೇ ಸೋಲುತ್ತದೆ. ಇಲ್ಲಿ ಸಾಮಾನ್ಯ ಬುದ್ಧಿಗೆ ವಿರುದ್ಧವಾದ ಒಂದು ಅಂಶವಿದೆ. ವಿಮಾನಗಳಲ್ಲಿ ಹೆಚ್ಚಿನ ತೊಂದರೆಗಳಿಗೆ ವೇಗವೇ ಔಷಧ. ಎಂಜಿನ್ ನಿಂತಾಗಲೂ ಪೈಲಟ್ ಮೊದಲು ಕಾಪಾಡಿಕೊಳ್ಳಬೇಕಾದದ್ದು ವೇಗವನ್ನೇ. ತಪ್ಪಾದ ಟ್ರಿಮ್‌ನಲ್ಲಿ ಆ ಔಷಧವೇ ವಿಷ. ವೇಗ ಹೆಚ್ಚಿಸಿದಷ್ಟೂ ರೋಗ ಬಲಿಯುತ್ತದೆ. ಕೈಚಾಚಿ ಗುಂಡಿಯನ್ನು ನಡುವಿಗೆ ತಂದಿದ್ದರೆ ಎಲ್ಲವೂ ಸರಿಯಾಗುತ್ತಿತ್ತು ಎಂದು ಕುರ್ಚಿಯಲ್ಲಿ ಕುಳಿತು ಹೇಳುವುದು ಸುಲಭ. ಎರಡು ಕೈಗಳೂ ವಿಮಾನವನ್ನು ಹಿಡಿದಿರುವಾಗ, ಪಾದಕ್ಕೆ ಸಿಗುವ ಸೂಚನೆ ಎಡ ಎಂಜಿನ್ ನಿಂತಾಗ ಸಿಗುವ ಸೂಚನೆಯಂತೆಯೇ ಇರುವಾಗ, ಹತ್ತು ಸೆಕೆಂಡುಗಳಲ್ಲಿ ಮನುಷ್ಯನ ಮನಸ್ಸು ಟ್ರಿಮ್ ಗುಂಡಿಯವರೆಗೆ ಹೋಗುವುದು ನಿರೀಕ್ಷಿಸಬಹುದಾದ ಸಂಗತಿಯಲ್ಲವೆಂದು ನನಗನ್ನಿಸುತ್ತದೆ.

ಹೊತ್ತಿ ಉರಿದ ಅವಶೇಷಗಳಿಂದ ಇಷ್ಟನ್ನೆಲ್ಲ ಓದಿದ್ದು ಹೇಗೆ ಎಂಬುದು ತಾನೇ ಒಂದು ಪಾಠ. ತಿರುಗುತ್ತಿರುವ ಪ್ರೊಪೆಲ್ಲರ್ ಏನನ್ನಾದರೂ ಹೊಡೆದಾಗ ಅದರ ಅಲಗುಗಳು ಬಾಗುವ ರೀತಿ ಬೇರೆ, ನಿಂತ ಪ್ರೊಪೆಲ್ಲರ್ ಬಾಗುವ ರೀತಿ ಬೇರೆ. ಎಂಜಿನ್ನಿನ ಒಳಭಾಗಗಳಲ್ಲೂ ತಿರುಗುತ್ತಿದ್ದುದರ ಗುರುತುಗಳು ಉಳಿಯುತ್ತವೆ. ಹೀಗೆ ಎಂಜಿನ್ ವೈಫಲ್ಯದ ಊಹೆ ಬಿದ್ದುಹೋಯಿತು. ವಿಮಾನವು ತನ್ನ ಸ್ಥಾನವನ್ನು ರೇಡಿಯೊ ಮೂಲಕ ನಿರಂತರವಾಗಿ ಬಿತ್ತರಿಸುತ್ತಿದ್ದುದರಿಂದ ಅದರ ದಾರಿ ಮತ್ತು ಎತ್ತರದ ಅಂಕಿಗಳು ದೊರೆತವು. ನಿಲ್ದಾಣದ ಸಿಸಿಟಿವಿ ಮತ್ತು ಹೆದ್ದಾರಿಯಲ್ಲಿ ಹೋಗುತ್ತಿದ್ದ ಕಾರುಗಳ ಡ್ಯಾಶ್‌ಕ್ಯಾಮುಗಳಲ್ಲಿ ವಿಮಾನ ಅಡ್ಡಡ್ಡವಾಗಿ ಸರಿಯುತ್ತಿದ್ದ ದೃಶ್ಯಗಳಿದ್ದವು. ಛಾವಣಿಯ ಮೇಲಿನ ಗೀರುಗಳು ಕೂಡ ಅದು ಮೂತಿ ಮುಂದಾಗಿ ಬಾರದೆ ಎಡಕ್ಕೆ ತಿರುಗಿದ ಮೈಯಲ್ಲಿ ಬಂದಿತ್ತೆಂದು ತೋರಿಸಿದವು. ಕೊನೆಗೆ ಬಾಲದ ಅವಶೇಷದಲ್ಲಿ ಟ್ರಿಮ್ ಪಟ್ಟಿಯನ್ನು ದೂಡುವ ಯಂತ್ರಭಾಗ ಎಡದ ಕೊನೆಯಲ್ಲಿ ನಿಂತಿದ್ದುದು ಸಿಕ್ಕಿತು. ಅಪಘಾತದ ಹೊಡೆತಕ್ಕೆ ಕೇಬಲ್ ಎಳೆದು ಅದು ಅಲ್ಲಿಗೆ ಹೋಗಿರಬಹುದಲ್ಲ ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. ಒಂದು ಸಾಕ್ಷ್ಯದ ಮೇಲಷ್ಟೇ ನಿಲ್ಲದೆ, ಹಾರಿದ ದಾರಿ, ಗೀರುಗಳು, ಸಿಮ್ಯುಲೇಟರಿನ ಫಲಿತಾಂಶ ಎಲ್ಲವೂ ಅದೇ ದಿಕ್ಕನ್ನು ತೋರಿಸಿದ್ದರಿಂದಲೇ ‘ಸಾಧ್ಯತೆ ಹೆಚ್ಚು’ ಎಂಬ ತೀರ್ಮಾನಕ್ಕೆ ಬರಲಾಯಿತು.

ಸಿಗಬೇಕಾಗಿದ್ದ ಒಂದು ಸಾಕ್ಷ್ಯ ಮಾತ್ರ ಸಿಗಲಿಲ್ಲ. ವಿಮಾನದಲ್ಲಿ ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್ ಇತ್ತು. ಈ ಸಾಧನ ಹಳೆಯ ಧ್ವನಿಯ ಮೇಲೆ ಹೊಸದನ್ನು ಬರೆಯುತ್ತ ಹೋಗುವುದರಿಂದ, ಅಪಘಾತದ ನಂತರವೂ ಓಡುತ್ತಿದ್ದರೆ ಬೇಕಾದ ನಿಮಿಷಗಳೇ ಅಳಿಸಿಹೋದಾವೆಂದು ಅದಕ್ಕೊಂದು ಸ್ವಿಚ್ ಇಟ್ಟಿರುತ್ತಾರೆ. ಜೋರಾದ ಹೊಡೆತ ಬಿದ್ದ ಕೂಡಲೇ ಅದು ರೆಕಾರ್ಡರನ್ನು ನಿಲ್ಲಿಸುತ್ತದೆ. ಈ ವಿಮಾನದಲ್ಲಿ ಆ ಸ್ವಿಚ್ ಹಿಂದೆಂದೋ ರೆಕಾರ್ಡರನ್ನು ನಿಲ್ಲಿಸಿಬಿಟ್ಟಿತ್ತು, ಯಾರೂ ಅದನ್ನು ಮತ್ತೆ ಮೊದಲಿನ ಸ್ಥಿತಿಗೆ ತಂದಿರಲಿಲ್ಲ. ಹೀಗಾಗಿ ಆ ದಿನದ ಒಂದು ಮಾತೂ ದಾಖಲಾಗಲಿಲ್ಲ. ದಾಖಲೆಯನ್ನು ಕಾಯಲೆಂದು ಇಟ್ಟ ಸ್ವಿಚ್ಚೇ ದಾಖಲೆಯನ್ನು ಇಲ್ಲವಾಗಿಸಿತು. ಹಾರಾಟಕ್ಕೆ ಮುನ್ನ ಈ ರೆಕಾರ್ಡರನ್ನೂ ಪರೀಕ್ಷಿಸಬೇಕು, ಟ್ರಿಮ್ಮನ್ನೂ ಪರೀಕ್ಷಿಸಬೇಕು.

ಟ್ರಿಮ್‌ನ ಸ್ಥಾನವನ್ನು ನೋಡಿ ಸರಿಪಡಿಸಲು ವಿಮಾನದ ಚೆಕ್‌ಲಿಸ್ಟ್‌ನಲ್ಲಿ ಐದು ಸಂದರ್ಭಗಳಿದ್ದವು ಎಂದು ವರದಿ ಎಣಿಸಿದೆ. ಐದೂ ದಾಟಿಹೋದವು. ಆ ಪೈಲಟ್ 7,600ಕ್ಕೂ ಹೆಚ್ಚು ಗಂಟೆಗಳ ಹಾರಾಟ ಮುಗಿಸಿದ್ದವನು, ಹೊಸಬನಲ್ಲ. ಹೊಸಬನಾಗಿದ್ದರೆ ಬಹುಶಃ ಬೆರಳಿಟ್ಟು ಓದುತ್ತಿದ್ದ. ಮಗ್ಗಿ ಬಾಯಿಪಾಠವಾದ ಮಗು ನಡುವಿನ ಒಂದು ಸಾಲು ಬಿಟ್ಟರೂ ರಾಗ ತಪ್ಪದೆ ಮುಂದುವರಿದು, ಪೂರ್ತಿ ಒಪ್ಪಿಸಿದೆನೆಂದೇ ನಂಬುತ್ತದಲ್ಲವೇ? ಸಾವಿರಾರು ಬಾರಿ ಮಾಡಿದ ತಪಾಸಣೆಗೂ ಅದೇ ಅಪಾಯವಿದೆ. ಟ್ರಿಮ್ ಗುಂಡಿ ಸಾವಿರ ಸಲ ನೋಡಿದಾಗಲೂ ನಡುವಿನಲ್ಲೇ ಇದ್ದರೆ, ಸಾವಿರದ ಒಂದನೆಯ ಸಲ ಕಣ್ಣು ಅಲ್ಲಿಗೆ ಹೋದರೂ ಅಲ್ಲಿರುವುದನ್ನು ಕಾಣುವ ಬದಲು ಅಲ್ಲಿರಬೇಕಾದುದನ್ನು ಕಾಣುತ್ತದೆ. ದೊಡ್ಡ ವಿಮಾನಗಳಲ್ಲಿ ಒಬ್ಬ ಓದಿ ಇನ್ನೊಬ್ಬ ಉತ್ತರಿಸುವ ಪದ್ಧತಿ ಬಂದಿರುವುದು ಇದಕ್ಕಾಗಿಯೇ. ಆದರೆ ಈ ಜಾತಿಯ ವಿಮಾನವನ್ನು ಒಬ್ಬನೇ ಪೈಲಟ್ ಹಾರಿಸಲು ಅನುಮತಿಯಿದೆ, ಆ ದಿನ ಇದ್ದವನೂ ಒಬ್ಬನೇ. ವಿಮಾನ ನಡೆಸುತ್ತಿದ್ದ ಸಂಸ್ಥೆಯಲ್ಲಿ ಸರಿಯಾದ ಚೆಕ್‌ಲಿಸ್ಟ್ ಬಳಕೆಯನ್ನು ಖಾತರಿಪಡಿಸುವ ವ್ಯವಸ್ಥೆ ಇರಲಿಲ್ಲವೆಂದೂ ತನಿಖೆ ಗುರುತಿಸಿತು. ಆದರೆ ಅದು ಈ ಅಪಘಾತಕ್ಕೆ ಕಾರಣವಾಯಿತೆಂದು ಹೇಳಲಿಲ್ಲ. ವಿಮಾನದ ತೂಕ ಗರಿಷ್ಠ ಮಿತಿಯಾದ 5,670 ಕಿಲೋಗಿಂತ ಸುಮಾರು 240 ಕಿಲೋ ಹೆಚ್ಚಾಗಿತ್ತೆಂಬುದನ್ನೂ ಹೀಗೆಯೇ, ತಪ್ಪು ಹೌದು, ಕಾರಣವಲ್ಲ ಎಂದು ಬೇರೆಯಿಟ್ಟಿತು. ಸಿಕ್ಕ ತಪ್ಪುಗಳನ್ನೆಲ್ಲ ಒಂದೇ ಮೂಟೆಗೆ ತುಂಬದೆ ಹೀಗೆ ವಿಂಗಡಿಸುವುದು ಒಳ್ಳೆಯ ತನಿಖೆಯ ಲಕ್ಷಣ. ಅಪರಾಧಿಯನ್ನು ಹುಡುಕುವುದು ಇಂಥ ತನಿಖೆಯ ಉದ್ದೇಶವಲ್ಲ, ಮುಂದಿನ ಅಪಘಾತವನ್ನು ತಡೆಯುವುದು ಎಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿದ ನಿಯಮ. ಭಾರತದಲ್ಲಿ 2012ರಲ್ಲಿ ಆರಂಭವಾದ ವಿಮಾನ ಅಪಘಾತ ತನಿಖಾ ಬ್ಯೂರೊ ಕೂಡ ಅದೇ ನಿಯಮದ ಮೇಲೆ ನಿಂತಿದೆ.

ಮೆಲ್ಬರ್ನ್‌ನ ಜನರನ್ನು ಹೆಚ್ಚು ಕಾಡಿದ್ದು ಟ್ರಿಮ್ ಅಲ್ಲ, ಕಟ್ಟಡ. ರನ್‌ವೇಯಿಂದ ಅಷ್ಟು ಹತ್ತಿರದಲ್ಲಿ ಮಳಿಗೆಗಳನ್ನು ಕಟ್ಟಲು ಬಿಟ್ಟವರು ಯಾರು ಎಂಬ ಕೂಗೆದ್ದಿತು. ಎಸೆಂಡನ್ ಒಂದು ಕಾಲದಲ್ಲಿ ಮೆಲ್ಬರ್ನ್‌ನ ಮುಖ್ಯ ವಿಮಾನ ನಿಲ್ದಾಣವಾಗಿತ್ತು. 1970ರಲ್ಲಿ ಟುಲ್ಲಮರೀನ್ ತೆರೆದ ಮೇಲೆ ಮೊದಲು ಅಂತರರಾಷ್ಟ್ರೀಯ, ಮರುವರ್ಷ ದೇಶೀಯ ವಿಮಾನಗಳೂ ಅಲ್ಲಿಗೆ ಹೋದವು. ಖಾಸಗಿ ವಿಮಾನಗಳು, ಬಾಡಿಗೆ ಹಾರಾಟಗಳು, ಆಂಬುಲೆನ್ಸ್ ವಿಮಾನಗಳು ಎಸೆಂಡನ್‌ನಲ್ಲೇ ಉಳಿದವು. ಅಷ್ಟರಲ್ಲಿ ಊರು ಸುತ್ತಲೂ ಬೆಳೆದಿತ್ತು. ಬೆಂಗಳೂರಿನವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ಆರಂಭವಾದಾಗ ಎಚ್‌ಎಎಲ್ ನಿಲ್ದಾಣದ ಪಾಡೂ ಇದೇ ಆಯಿತು: ಪ್ರಯಾಣಿಕರ ವಿಮಾನಗಳು ಹೋದವು, ಪರೀಕ್ಷಾ ಹಾರಾಟಗಳೂ ಸಣ್ಣ ವಿಮಾನಗಳೂ ಗಣ್ಯರ ವಿಮಾನಗಳೂ ಉಳಿದವು, ಬೇಲಿಯಾಚೆಗೆ ನಗರ ಒತ್ತಾಗಿ ನಿಂತಿತು. ಪೈಲಟ್ ತರಬೇತಿ ನಡೆಯುವ ಜಕ್ಕೂರಿನ ಸುತ್ತಲೂ ಇಂದು ಬಡಾವಣೆಗಳೇ. ನಿಲ್ದಾಣ ಮೊದಲು ಬಂತೋ ಮನೆ ಮೊದಲು ಬಂತೋ ಎಂಬ ವಾದ ಇಂಥ ಎಲ್ಲ ಕಡೆ ಇದೆ. ಬಹುಪಾಲು ನಿಲ್ದಾಣವೇ ಮೊದಲು ಬಂದಿರುತ್ತದೆ, ಆದರೆ ಅದರಿಂದ ಮನೆಯಲ್ಲಿರುವವನಿಗೆ ಸಮಾಧಾನವಾಗುವುದಿಲ್ಲ. ಎಸೆಂಡನ್‌ನಲ್ಲೇ 1978ರ ಜುಲೈನಲ್ಲಿ ಎರಡು ಎಂಜಿನ್‌ಗಳ ಒಂದು ಲಘು ವಿಮಾನ ಮೇಲೆದ್ದ ಕೂಡಲೇ ಮನೆಗಳ ಮೇಲೆ ಬಿದ್ದು, ನೆಲದ ಮೇಲಿದ್ದ ಆರು ಮಂದಿ ಸತ್ತಿದ್ದರು.

ಕಟ್ಟಡದ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತುಹೋಗುತ್ತವೆ, ಅವನ್ನು ಬಿಡಿಸಿ ನೋಡುವುದು ಮುಖ್ಯ. ನಿಲ್ದಾಣದ ಸುತ್ತ ಇಷ್ಟೇ ಎತ್ತರ ಕಟ್ಟಬೇಕು ಎಂಬ ನಿಯಮ ಇರುವುದು ವಿಮಾನವನ್ನು ಕಟ್ಟಡದಿಂದ ಕಾಪಾಡಲು. ರನ್‌ವೇಯ ತುದಿಯಿಂದ ಇಳಿಜಾರಾಗಿ ಮೇಲೇರುವ ಒಂದು ಕಾಣದ ಚಪ್ಪರವನ್ನು ಕಲ್ಪಿಸಿಕೊಂಡು, ಯಾವ ಕಟ್ಟಡವೂ ಅದನ್ನು ತೂರಿ ಮೇಲೆ ಬರಬಾರದೆಂದು ಅದು ಹೇಳುತ್ತದೆ. ಭಾರತದಲ್ಲಿ ವಿಮಾನ ನಿಲ್ದಾಣಗಳ ಸುತ್ತ ಬಣ್ಣದ ವಲಯ ನಕ್ಷೆಗಳನ್ನು ಮಾಡಿರುವುದು, ಎತ್ತರದ ಕಟ್ಟಡಕ್ಕೆ ಮೊದಲೇ ನಿರಾಕ್ಷೇಪಣಾ ಪತ್ರ ಪಡೆಯಬೇಕಾದದ್ದು ಇದೇ ಲೆಕ್ಕದ ಮೇಲೆ. ಈ ನಿಯಮ ಸರಿಯಾಗಿ ಹಾರುತ್ತಿರುವ ವಿಮಾನವನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಹಿಡಿತ ತಪ್ಪಿ ಬೀಳುತ್ತಿರುವ ವಿಮಾನದಿಂದ ಜನರನ್ನು ಕಾಪಾಡುವುದು ಬೇರೆಯೇ ಲೆಕ್ಕ. ಕಟ್ಟಡ ಎಷ್ಟು ಎತ್ತರ ಎಂಬುದು ಅಲ್ಲಿ ಮುಖ್ಯವಲ್ಲ, ಅದರೊಳಗೆ ಎಷ್ಟು ಜನ ಎಷ್ಟು ಹೊತ್ತು ಇರುತ್ತಾರೆ ಎಂಬುದು ಮುಖ್ಯ. ಬ್ರಿಟನ್ನಿನಲ್ಲಿ ಬಹುಕಾಲ ರನ್‌ವೇ ತುದಿಗಳಲ್ಲಿ, ಒಬ್ಬ ವ್ಯಕ್ತಿ ವರ್ಷವಿಡೀ ಅಲ್ಲೇ ಇದ್ದರೆ ವಿಮಾನ ಬಿದ್ದು ಸಾಯುವ ಸಂಭವ ಲಕ್ಷದಲ್ಲಿ ಒಂದಕ್ಕಿಂತ ಹೆಚ್ಚಿರುವ ಜಾಗಗಳನ್ನು ಗುರುತಿಸಿ, ಅಲ್ಲಿ ಹೊಸ ಜನಸಂದಣಿ ಸೇರದಂತೆ ತಡೆಯುವ ಪದ್ಧತಿಯಿತ್ತು. ಆಸ್ಟ್ರೇಲಿಯಾ ಇಂಥದೇ ರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರತಂದದ್ದು 2018ರಲ್ಲಿ.

ಆದರೂ ಎಸೆಂಡನ್‌ನ ಅಪಘಾತಕ್ಕೆ ಈ ಎರಡೂ ಲೆಕ್ಕಗಳು ಅಚ್ಚುಕಟ್ಟಾಗಿ ಹೊಂದುವುದಿಲ್ಲ. ಜನರ ಸುರಕ್ಷತೆಗೆಂದು ಗುರುತಿಸುವ ಪ್ರದೇಶಗಳು ರನ್‌ವೇಯ ನೇರಕ್ಕೆ ಚಾಚಿಕೊಂಡಿರುತ್ತವೆ, ಏಕೆಂದರೆ ಬೀಳುವ ವಿಮಾನಗಳಲ್ಲಿ ಹೆಚ್ಚಿನವು ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತವೆ. ಇಲ್ಲಿ ವಿಮಾನ ಗೆರೆ ಬಿಟ್ಟು ಎಡಕ್ಕೆ ಹೋಗಿತ್ತು. ಕಟ್ಟಡ ಅಲ್ಲಿ ಇರದಿದ್ದರೆ ಏನಾಗುತ್ತಿತ್ತು ಎಂದೂ ತನಿಖಾಧಿಕಾರಿಗಳು ಲೆಕ್ಕ ಹಾಕಿದರು. ಅದೇ ದಾರಿಯಲ್ಲಿ ಮುಂದುವರಿದ ವಿಮಾನ, ಬೆಳಗಿನ ವಾಹನಗಳಿಂದ ತುಂಬಿದ್ದ ಹೆದ್ದಾರಿಗೆ ಹಿಡಿತವಿಲ್ಲದೆ ಬಡಿಯುತ್ತಿತ್ತು, ನೆಲದ ಮೇಲಿನ ಸಾವುನೋವು ಇನ್ನೂ ಹೆಚ್ಚಾಗುವ ಸಂಭವವಿತ್ತು ಎಂಬುದು ಅವರ ತೀರ್ಮಾನ. ಕಟ್ಟಡದಿಂದಾಗಿ ಅನಾಹುತದ ತೀವ್ರತೆ ಹೆಚ್ಚಿದಂತೆ ಕಾಣದು ಎಂದೇ ವರದಿ ಹೇಳಿತು. ಜನರ ಕೋಪಕ್ಕೆ ಇದು ರುಚಿಸುವ ಉತ್ತರವಲ್ಲ. ಆದರೆ ಈ ಉತ್ತರದಿಂದ ಕಟ್ಟಡಕ್ಕೆ ಅನುಮತಿ ಕೊಟ್ಟ ರೀತಿ ಸರಿಯೆಂದೂ ಆಗುವುದಿಲ್ಲ. ಅನುಮತಿಯ ಪ್ರಕ್ರಿಯೆಯನ್ನು ಬ್ಯೂರೊ ಪ್ರತ್ಯೇಕ ತನಿಖೆಗೆ ಒಳಪಡಿಸಿದ್ದು ಆ ಎರಡು ಪ್ರಶ್ನೆಗಳು ಬೇರೆ ಬೇರೆ ಎಂಬ ಅರಿವಿನಿಂದಲೇ ಇರಬೇಕು.

ನಮ್ಮಲ್ಲೂ ಇಂಥ ದುರ್ಘಟನೆಗಳು ನಡೆದಿವೆ. 2011ರ ಮೇ 25ರ ರಾತ್ರಿ ಪಟ್ನಾದಿಂದ ರೋಗಿಯನ್ನು ದೆಹಲಿಗೆ ತರುತ್ತಿದ್ದ ಒಂಟಿ ಎಂಜಿನ್ನಿನ ಪಿಲಾಟಸ್ ಆಂಬುಲೆನ್ಸ್ ವಿಮಾನ ಫರೀದಾಬಾದಿನ ಮನೆಗಳ ಮೇಲೆ ಬಿದ್ದು, ವಿಮಾನದಲ್ಲಿದ್ದ ಏಳು ಮಂದಿಯೂ ಮನೆಗಳಲ್ಲಿದ್ದ ಮೂವರೂ ಸತ್ತರು. 2019ರ ಫೆಬ್ರುವರಿ 19ರಂದು ವೈಮಾನಿಕ ಪ್ರದರ್ಶನದ ತಾಲೀಮಿನಲ್ಲಿ ಯಲಹಂಕದ ಬಳಿ ಸೂರ್ಯಕಿರಣ್ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ಒಬ್ಬ ಪೈಲಟ್ ಮೃತಪಟ್ಟದ್ದನ್ನು ಬೆಂಗಳೂರು ಮರೆತಿಲ್ಲ. ಅದು ವಾಯುಪಡೆಯ ವಿಮಾನ, ಕಾರಣ ಬೇರೆ ಬಗೆಯದು, ಆದರೆ ಅವಶೇಷಗಳು ಬಿದ್ದದ್ದು ಜನವಸತಿಯ ಹತ್ತಿರವೇ. ಎಸೆಂಡನ್‌ಗೆ ಅತಿ ಹತ್ತಿರವಾದದ್ದು ಮುಂಬೈನ ಘಾಟ್ಕೋಪರ್. 2018ರ ಜೂನ್ 28ರಂದು, ಎಸೆಂಡನ್ ವರದಿ ಹೊರಬರಲು ಇನ್ನು ಮೂರೇ ತಿಂಗಳಿರುವಾಗ, ಜುಹು ನಿಲ್ದಾಣದಿಂದ ಪರೀಕ್ಷಾ ಹಾರಾಟಕ್ಕೆ ಹೊರಟಿದ್ದ ಕಿಂಗ್ ಏರ್ ಸಿ90, ಎಂದರೆ ಅದೇ ವಂಶದ ಚಿಕ್ಕ ವಿಮಾನ, ಮಳೆಗಾಲದ ಮೋಡದ ನಡುವೆ ಘಾಟ್ಕೋಪರಿನ ಇಕ್ಕಟ್ಟಾದ ಬೀದಿಯೊಂದರ ಪಕ್ಕದಲ್ಲಿ ಬಿತ್ತು. ವಿಮಾನದಲ್ಲಿದ್ದ ನಾಲ್ವರ ಜೊತೆಗೆ ದಾರಿಯಲ್ಲಿ ಹೋಗುತ್ತಿದ್ದ ಒಬ್ಬನೂ ಬಲಿಯಾದ.

ಘಾಟ್ಕೋಪರಿನ ಅಪಘಾತವಾದ ಕೂಡಲೇ, ಪೈಲಟ್ ತನ್ನ ಪ್ರಾಣ ಒತ್ತೆಯಿಟ್ಟು ವಿಮಾನವನ್ನು ಜನವಿಲ್ಲದ ಕಡೆಗೆ ತಿರುಗಿಸಿದರೆಂಬ ಪ್ರಶಂಸೆ ಎಲ್ಲೆಡೆ ಕೇಳಿಬಂತು. ಇಂಥ ಅಪಘಾತಗಳ ಸುದ್ದಿಯಲ್ಲಿ ಈ ಮಾತು ಬಾರದಿರುವುದು ಅಪರೂಪ, ಅದನ್ನು ಹೇಳುವವರ ಸದುದ್ದೇಶದ ಬಗ್ಗೆ ಅನುಮಾನವೂ ಇಲ್ಲ. ಆದರೆ ಎಸೆಂಡನ್‌ನ ಹತ್ತು ಸೆಕೆಂಡುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ ಮೇಲೆ, ಅಷ್ಟು ಕಡಿಮೆ ಎತ್ತರದಲ್ಲಿ ಹಿಡಿತ ತಪ್ಪಿದ ವಿಮಾನಕ್ಕೆ ಬೀಳುವ ಜಾಗವನ್ನು ಆರಿಸುವ ಅವಕಾಶ ಬಹುತೇಕ ಇರುವುದಿಲ್ಲವೆಂದು ಒಪ್ಪಬೇಕಾಗುತ್ತದೆ. ಎಸೆಂಡನ್‌ನಲ್ಲಿ ಅಂಗಡಿಗಳು ಹತ್ತು ಗಂಟೆಗೆ ತೆರೆಯುತ್ತಿದ್ದವು, ವಿಮಾನ ಒಂಬತ್ತಕ್ಕೆ ಬಿತ್ತು. ಘಾಟ್ಕೋಪರಿನಲ್ಲಿ ಅದು ಬಿದ್ದದ್ದು ಇನ್ನೂ ಕಟ್ಟುತ್ತಿದ್ದ ಒಂದು ಕಟ್ಟಡದ ಆವರಣದಲ್ಲಿ, ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ. ಅಲ್ಲಿನ ಕೂಲಿಕಾರರು ಆಗಷ್ಟೇ ಊಟಕ್ಕೆ ಹೋಗಿದ್ದರು.